ಎಡಗಾಲಿನ ಪೆಡಲ್

ಸೈಕಲ್ಲಿನ ಎಡ ಪೆಡಲ್ ಕೂಡ್ರಿಸುವಾಗ ಎಡಕ್ಕೆ ತಿರುಗಿಸಬೇಕು. ಬಲಗಡೆಯದು ಎಲ್ಲ ನಟ್ಟು ಬೋಲ್ಟುಗಳ ಹಾಗೆ ಬಲಕ್ಕೆ ತಿರುಗಿ ಬಿಗಿಯಾಗುತ್ತದೆ, ಎಡಗಡೆಯದು ಉಲ್ಟಾ. ತುಳಿಯುತ್ತ ತುಳಿಯುತ್ತ ತಾನಾಗಿ ಬಿಚ್ಚಿಕೊಳ್ಳಬಾರದು ಎಂದು ಮಾಡಿದ ಏರ್ಪಾಡು ಅದು. ಬೆಟಗೇರಿಯ ಯಾವ ಸೈಕಲ್ ಅಂಗಡಿಯ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಆದರೆ ರಟ್ಟಿನ ಡಬ್ಬಿಯಲ್ಲಿ ಮನೆಗೆ ಬರುವ ವ್ಯಾಯಾಮದ ಸೈಕಲ್ಲನ್ನು ಜೋಡಿಸುವವರು ಸೈಕಲ್ ಅಂಗಡಿಯವರಲ್ಲ, ಮನೆಯವರು.

ನೇಕಾರರ ಓಣಿಯಲ್ಲಿರುವ ನಮ್ಮ ಸಂಬಂಧಿಕರ ಮನೆಗೆ ಅಂಥದ್ದೊಂದು ಡಬ್ಬಿ ಬಂದ ದಿನ ನಾನೂ ಅಲ್ಲಿದ್ದೆ. ಪರಸಿ ಹಾಸಿದ ಪಡಸಾಲೆಯಲ್ಲಿ ಭಾಗಗಳನ್ನೆಲ್ಲ ಹರವಿಕೊಂಡು, ಕಾಲೇಜಿಗೆ ಹೋಗುವ ಹುಡುಗ ಉತ್ಸಾಹದಿಂದ ಜೋಡಿಸಲು ಕೂತ. ಬಲಗಡೆಯ ಪೆಡಲ್ ಸಲೀಸಾಗಿ ಕೂತಿತು. ಎಡಗಡೆಯದು ಕೂರಲಿಲ್ಲ. ಅವನು ಪಾನಾ ಹಾಕಿ ಬಲಕ್ಕೇ ಒತ್ತಿ ತಿರುಗಿಸಿದ. ಎರಡು ಸುತ್ತು ಹೋಯಿತು, ಮೂರನೆಯದಕ್ಕೆ ಸೊಟ್ಟಗೆ ನಿಂತಿತು. ಹೊರತೆಗೆದು ನೋಡಿದರೆ ಕ್ರ್ಯಾಂಕಿನ ತೂತಿನೊಳಗಿನ ಥ್ರೆಡ್ ತಿಂದು ಹೋಗಿತ್ತು. ಒಂದು ಸಲವೂ ತುಳಿಯದೆ ಯಂತ್ರ ಕೆಟ್ಟಿತ್ತು. ಮಾರಿದವರಿಗೆ ಫೋನ್ ಮಾಡಿದರೆ, ಮೆಕ್ಯಾನಿಕ್ ಇರುವುದು ಹುಬ್ಬಳ್ಳಿಯಲ್ಲಿ, ನಿಮ್ಮ ಪಿನ್ ಕೋಡಿಗೆ ಮನೆಸೇವೆ ಇಲ್ಲ, ಭಾಗ ಕಳಿಸಲು ಎರಡು ವಾರ ಬೇಕು ಎಂದರು.

ಹತ್ತಿರದ ಸೈಕಲ್ ಅಂಗಡಿಯವರನ್ನು ಕರೆತಂದೆವು. ಅವರು ಯಂತ್ರವನ್ನು ಒಂದು ಸುತ್ತು ನೋಡಿ, ಕ್ರ್ಯಾಂಕಿನ ತುದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಒಳಗಿನ ಚೌಕದ ಅಚ್ಚನ್ನು ತೋರಿಸಿ, “ಇದು ನಮ್ಮ ಗೇರ್ ಸೈಕಲ್ಲಿಂದ ಐತ್ರಿ, ಬ್ಯಾರೆ ಏನೂ ಅಲ್ಲ” ಎಂದರು. ಅಂಗಡಿಯಿಂದ ಹಳೆಯ ಎಡಗಾಲಿನ ಕ್ರ್ಯಾಂಕ್ ತಂದರು. ಹಾಕುವ ಮೊದಲು ಅದನ್ನು ಬಲಗಡೆಯದರ ಪಕ್ಕ ಹಿಡಿದು ಉದ್ದ ಹೋಲಿಸಿದರು. ಅಷ್ಟಿಷ್ಟು ಹೆಚ್ಚುಕಡಿಮೆ ಕಂಡಿತು. ಅದನ್ನು ಬಿಟ್ಟು ಮತ್ತೊಂದನ್ನು ಹುಡುಕಿ ತಂದರು. “ಎರಡೂ ಕಾಲು ಒಂದ ಸಮ ತಿರಗಬೇಕ್ರಿ, ಇಲ್ಲಂದ್ರ ಟೊಂಕ ಹಿಡೀತದ.” ಅರ್ಧ ತಾಸಿನಲ್ಲಿ ಕೆಲಸ ಮುಗಿಯಿತು.

ಅಂದಿನಿಂದ ಈ ಯಂತ್ರಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಮನೆಗಳಿಗೆ ಈಗ ವ್ಯಾಯಾಮದ ಸೈಕಲ್ ಬರುತ್ತಿರುವುದು ಕಾಣುತ್ತಿದೆ. ತರುವವರು ಶಿಕ್ಷಕರು, ಬ್ಯಾಂಕಿನವರು, ದಲಾಲಿ ಅಂಗಡಿಯವರು, ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ಮೇಲೆ ಎಚ್ಚೆತ್ತವರು. ತರುವ ಮನಸ್ಸು ಒಳ್ಳೆಯದು. ಅದನ್ನು ಹೀಗಳೆಯುವವನು ನಾನಲ್ಲ. ಆದರೆ ಆರಿಸುವ ರೀತಿ ತಪ್ಪಿದೆ. ತುಳಿಯುವ ಕಾಲು ಯಾರದು, ಕೆಟ್ಟರೆ ಬಿಚ್ಚುವ ಕೈ ಯಾವ ಊರಿನದು ಎನ್ನುವ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಅಂಗಡಿಯಲ್ಲಿ ಕಿವಿಗೆ ಬೀಳುವುದು ಬೇರೆ ಎರಡು: ಫ್ಲೈವೀಲ್ ಎಷ್ಟು ಕೆಜಿ? ಕ್ಯಾಲರಿ ತೋರಿಸುತ್ತದೆಯೆ?

ಮೊದಲು ಫ್ಲೈವೀಲ್. ಹಳೆಯ ದೊಡ್ಡ ಸೈಕಲ್ಲಿಗೆ ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಗಾಲಿ ಎತ್ತಿ, ಸೀಟಿನ ಮೇಲೆ ಕೂತು ತುಳಿಯುವ ಆಟವನ್ನು ನಮ್ಮ ಕಡೆ ಆಡದ ಹುಡುಗರಿಲ್ಲ. ಗಾಲಿ ಗಿರ್ರೆಂದು ತಿರುಗುತ್ತಿತ್ತು, ಕಾಲಿಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ಪೆಡಲ್ ಮೇಲಕ್ಕೆ ಬಂದಾಗ ಒಮ್ಮೆ, ಕೆಳಗೆ ಹೋದಾಗ ಒಮ್ಮೆ ಜೀವವಿಲ್ಲದ ಜಾಗ ಸಿಗುತ್ತದೆ; ಅಲ್ಲಿ ಕಾಲು ಎಷ್ಟು ಒತ್ತಿದರೂ ಚಕ್ರಕ್ಕೆ ಬಲ ಹೋಗುವುದಿಲ್ಲ. ರಸ್ತೆಯ ಮೇಲಾದರೆ ಸೈಕಲ್ಲಿನ ಮತ್ತು ನಮ್ಮದೇ ಭಾರದ ಓಟ ಆ ಜಾಗವನ್ನು ದಾಟಿಸುತ್ತದೆ. ನಿಂತ ಸೈಕಲ್ಲಿಗೆ ಆ ಓಟವಿಲ್ಲ. ಓಣಿಗೆ ಬರುತ್ತಿದ್ದ ಸಾಣೆ ಹಿಡಿಯುವವರ ಸೈಕಲ್ಲಿನಲ್ಲಿ ಮಾತ್ರ ಕಾಲು ಹದವಾಗಿ ತಿರುಗುತ್ತಿತ್ತು. ಸಾಣೆಕಲ್ಲಿನ ತೂಕ ಓಟ ಕೊಡುತ್ತಿತ್ತು, ಕುಡಗೋಲು ಒತ್ತಿದಾಗ ತಡೆ ಹುಟ್ಟುತ್ತಿತ್ತು. ನಿಂತಲ್ಲೇ ತುಳಿಯುವ ಸೈಕಲ್ಲಿಗೆ ಬೇಕಾದ್ದೆಲ್ಲ ಆ ಬಡ ಯಂತ್ರದಲ್ಲಿತ್ತು.

ಫ್ಲೈವೀಲ್ ಮಾಡುವ ಕೆಲಸ ಬೀಸುವ ಕಲ್ಲಿನದೇ. ಒಮ್ಮೆ ಓಟ ಹಿಡಿದ ಕಲ್ಲು ಕೈಗೆ ಹಗುರ. ಆದರೆ ಅದರ ಗುಣ ಬರೀ ತೂಕದಲ್ಲಿಲ್ಲ. ತೂಕ ಅಂಚಿನಲ್ಲಿದೆಯೋ ನಡುವಿನಲ್ಲಿದೆಯೋ, ಚಕ್ರದ ಅಗಲ ಎಷ್ಟು, ಪೆಡಲ್ ಒಂದು ಸುತ್ತು ಬಂದರೆ ಚಕ್ರ ಎಷ್ಟು ಸುತ್ತು ಬರುತ್ತದೆ ಎನ್ನುವುದೆಲ್ಲ ಸೇರಿ ಆ ಗುಣ ಬರುತ್ತದೆ. ಸುತ್ತು ಇಮ್ಮಡಿಯಾದರೆ ಕಾಲಿಗೆ ಸಿಗುವ ಓಟ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ವೇಗವಾಗಿ ತಿರುಗುವ 6 ಕೆಜಿಯ ಚಕ್ರ, ನಿಧಾನ ತಿರುಗುವ 12 ಕೆಜಿಯದ್ದಕ್ಕಿಂತ ನಯವಾಗಿ ಓಡಬಹುದು. ಕಂಪನಿಯವರು ಡಬ್ಬಿಯ ಮೇಲೆ ಕೆಜಿ ಬರೆಯುತ್ತಾರೆ, ಉಳಿದದ್ದನ್ನು ಬರೆಯುವುದಿಲ್ಲ. ನನ್ನ ಮಟ್ಟಿಗೆ ಫ್ಲೈವೀಲಿನ ತೂಕಕ್ಕಿಂತ ಇಡೀ ಯಂತ್ರದ ತೂಕ ಹೆಚ್ಚು ನಂಬತಕ್ಕದ್ದು. ಇಪ್ಪತ್ತು ಕೆಜಿಗಿಂತ ಹಗುರವಾದ ಯಂತ್ರದ ಮೇಲೆ ಎಂಬತ್ತು ಕೆಜಿಯವರು ಜೋರಾಗಿ ತುಳಿದರೆ ಅದು ನೆಲ ಬಿಟ್ಟು ಕುಣಿಯುತ್ತದೆ, ಅದೂ ನಮ್ಮ ಏರುತಗ್ಗಿನ ಪರಸಿ ನೆಲದ ಮೇಲೆ. ನಾಲ್ಕೂ ಕಾಲಿಗೆ ತಿರುಗಿಸಿ ಮಟ್ಟ ಮಾಡುವ ಬುಗುಟು ಇದೆಯೋ ಇಲ್ಲವೋ ನೋಡಿಕೊಳ್ಳಬೇಕು.

ಕ್ಯಾಲರಿಯ ಮಾತು ಇನ್ನೂ ದೊಡ್ಡದು. ನಿಂತಲ್ಲೇ ತುಳಿಯುವ ಯಂತ್ರದ ಕಥೆ ಹಳೆಯದು; 1796ರಲ್ಲೇ ಲಂಡನ್ನಿನಲ್ಲಿ ಫ್ರಾನ್ಸಿಸ್ ಲೌಂಡ್ಸ್ ಎಂಬಾತ ಕೈಕಾಲು ಎರಡಕ್ಕೂ ಕೆಲಸ ಕೊಡುವ ಜಿಮ್ನಾಸ್ಟಿಕಾನ್ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. 1913ರಲ್ಲಿ ಡೆನ್ಮಾರ್ಕಿನ ಶರೀರವಿಜ್ಞಾನಿ ಆಗಸ್ಟ್ ಕ್ರೋಗ್, 1954ರಲ್ಲಿ ಸ್ವೀಡನ್ನಿನ ಫಾನ್ ಡೋಬೆಲ್ನ್ ಮಾಡಿದ ಪ್ರಯೋಗಾಲಯದ ಸೈಕಲ್ಲುಗಳು ಇದಕ್ಕೆ ಶಾಸ್ತ್ರದ ಶಿಸ್ತು ತಂದವು. ಅವುಗಳಲ್ಲಿ ತಡೆಯನ್ನು ತೂಗಿ, ಸುತ್ತನ್ನು ಎಣಿಸಿ, ಕಾಲು ಮಾಡಿದ ಕೆಲಸವನ್ನು ವ್ಯಾಟ್‌ನಲ್ಲಿ ಖಚಿತವಾಗಿ ಹೇಳಬಹುದಿತ್ತು. ನಮ್ಮ ಮನೆಗೆ ಬರುವ ಯಂತ್ರದಲ್ಲಿ ಆ ತೂಗುವಿಕೆ ಇಲ್ಲ. ಹೆಚ್ಚಿನವು ಸುತ್ತನ್ನಷ್ಟೇ ಎಣಿಸುತ್ತವೆ. ತಡೆಯ ಗುಂಡಿ ಸಡಿಲ ಬಿಟ್ಟು ತುಳಿದರೂ, ಬಿಗಿ ಮಾಡಿ ಬೆವರು ಹರಿಸಿದರೂ ಪರದೆ ಒಂದೇ ಅಂಕಿ ಕೊಡುತ್ತದೆ.

ಲೆಕ್ಕ ಮಾಡಿ ನೋಡೋಣ. ಅಭ್ಯಾಸವಿಲ್ಲದವರು ಹದವಾಗಿ ತುಳಿದರೆ 75 ವ್ಯಾಟ್ ಎಂದಿಟ್ಟುಕೊಳ್ಳಿ. ಅರ್ಧ ತಾಸಿಗೆ 135 ಕಿಲೋಜೌಲ್ ಕೆಲಸ. ಮೈ ಸುಡುವ ಶಕ್ತಿಯಲ್ಲಿ ಸುಮಾರು ಕಾಲುಭಾಗ ಮಾತ್ರ ಕೆಲಸವಾಗಿ ಪೆಡಲಿಗೆ ಹೋಗುತ್ತದೆ, ಉಳಿದದ್ದು ಶಾಖವಾಗುತ್ತದೆ. ಒಂದು ಕಿಲೋಕ್ಯಾಲರಿ ಎಂದರೆ ನಾಲ್ಕು ಚಿಲ್ಲರೆ ಕಿಲೋಜೌಲ್. ಎರಡೂ ಹೊಡೆದುಹೋಗಿ, ಕೆಲಸದ ಕಿಲೋಜೌಲ್ ಎಷ್ಟೋ ಸುಟ್ಟ ಕಿಲೋಕ್ಯಾಲರಿ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ: 135, ಅಥವಾ ತುಸು ಹೆಚ್ಚು. ನಲವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿ ಅಷ್ಟು. ನಾನು ಕೂತು ನೋಡಿದ ಒಂದು ಯಂತ್ರ ಅದೇ ಹೊತ್ತಿಗೆ 300 ತೋರಿಸಿತು. ಅದನ್ನು ನಂಬಿ ಎರಡು ರೊಟ್ಟಿ ಹೆಚ್ಚು ಉಂಡವರಿಗೆ ತೂಕ ಏಕೆ ಇಳಿಯಲಿಲ್ಲ ಎಂಬ ದುಃಖ ಉಳಿಯುತ್ತದೆ, ಆ ದುಃಖದಲ್ಲಿ ತುಳಿಯುವುದೂ ನಿಲ್ಲುತ್ತದೆ. ಇದು ಸಣ್ಣ ತಪ್ಪಲ್ಲ. ತೂಕ ಇಳಿಯದಿದ್ದರೂ ತುಳಿಯುವುದರಿಂದ ಆಗುವ ಲಾಭ ದೊಡ್ಡದಿದೆ: ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು, ಹೃದಯದ ಕಸುವು ಹೆಚ್ಚುತ್ತದೆ, ರಕ್ತದೊತ್ತಡ ತಗ್ಗುತ್ತದೆ. ಪರದೆಯ ಸುಳ್ಳು ಅಂಕಿ ಈ ನಿಜದ ಲಾಭವನ್ನು ಮರೆಸುತ್ತದೆ.

ಹಾಗಾದರೆ ಎಷ್ಟು ಜೋರಾಗಿ ತುಳಿಯಬೇಕು? ತುಳಿಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು. ಇದಕ್ಕಿಂತ ನಂಬಿಗಸ್ತ ಅಳತೆ ಮನೆಯಲ್ಲಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೇಳುವುದು ಈ ಹದದಲ್ಲಿ ವಾರಕ್ಕೆ 150ರಿಂದ 300 ನಿಮಿಷ. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ. ನಿಮಿಷ ತೋರಿಸುವ ಗಡಿಯಾರ ಗೋಡೆಯ ಮೇಲೆ ಇದ್ದೇ ಇರುತ್ತದೆ.

ಇನ್ನು ತಡೆ. ಅಗ್ಗದ ಯಂತ್ರಗಳಲ್ಲಿ ಉಣ್ಣೆಯ ಫೆಲ್ಟ್ ತುಂಡು ಚಕ್ರವನ್ನು ಒತ್ತಿ ಹಿಡಿಯುತ್ತದೆ. ಬ್ರೇಕಿನ ಹಾಗೆ. ಸವೆಯುತ್ತದೆ, ಬಿಸಿಯಾಗುತ್ತದೆ, ನಮ್ಮ ಎರಿಹೊಲದ ಧೂಳು ಸೇರಿದರೆ ಕಿರಗುಟ್ಟುತ್ತದೆ. ಆದರೂ ಅದನ್ನು ನಾನು ತಳ್ಳಿಹಾಕುವುದಿಲ್ಲ. ಸವೆದ ಫೆಲ್ಟನ್ನು ಊರಲ್ಲೇ ಕತ್ತರಿಸಿ ಅಂಟಿಸಿಕೊಳ್ಳಬಹುದು. ಅಯಸ್ಕಾಂತದ್ದು ಇದಕ್ಕಿಂತ ಚೆಂದ. ತಿರುಗುವ ಲೋಹದ ಚಕ್ರದ ಹತ್ತಿರ ಅಯಸ್ಕಾಂತ ತಂದರೆ ಚಕ್ರದೊಳಗೆ ಸುಳಿ ವಿದ್ಯುತ್ ಪ್ರವಾಹ ಹುಟ್ಟಿ ಅದೇ ಚಕ್ರವನ್ನು ಹಿಂದಕ್ಕೆಳೆಯುತ್ತದೆ. ಒಂದಕ್ಕೊಂದು ತಾಗುವುದೇ ಇಲ್ಲ, ಸವೆತವಿಲ್ಲ, ಸದ್ದಿಲ್ಲ. ಗೋಡೆಗೆ ಗೋಡೆ ಅಂಟಿದ ಬೆಟಗೇರಿಯ ಮನೆಗಳಲ್ಲಿ ಬೆಳಗಿನ ಐದೂವರೆಗೆ ತುಳಿಯಬೇಕೆಂದರೆ ಸದ್ದಿಲ್ಲದಿರುವುದು ದೊಡ್ಡ ಗುಣ. ಮುಂಡರಗಿಯಲ್ಲಿ ಒಬ್ಬರು ಕರೆಂಟ್ ಹೋದರೆ ಇದು ನಿಲ್ಲುತ್ತದೆಯೆ ಎಂದು ನನ್ನನ್ನು ಕೇಳಿದ್ದರು. ಗುಂಡಿ ತಿರುಗಿಸಿ ಅಯಸ್ಕಾಂತವನ್ನು ಹತ್ತಿರ ದೂರ ಮಾಡುವ ಸಾದಾ ಯಂತ್ರಕ್ಕೆ ಕರೆಂಟೇ ಬೇಡ. ಪರದೆಗೆ ಎರಡು ಸೆಲ್ ಸಾಕು. ಟ್ರೆಡ್‌ಮಿಲ್ಲಿಗಿಂತ ಇದು ನಮ್ಮ ಊರುಗಳಿಗೆ ಒಪ್ಪುವುದಕ್ಕೆ ಮೊದಲ ಕಾರಣವೇ ಇದು. ಬಟನ್ ಒತ್ತಿ ತಡೆ ಬದಲಿಸುವ, ಮೋಟಾರು ಕೂಡಿಸಿದ ದುಬಾರಿ ಯಂತ್ರಗಳನ್ನು ಮಾತ್ರ ಬೇಡ ಅನ್ನುತ್ತೇನೆ. ಅದರೊಳಗಿನ ಬೋರ್ಡು ಕೆಟ್ಟರೆ ಲಕ್ಷ್ಮೇಶ್ವರದಲ್ಲಿ ನೋಡುವವರಿಲ್ಲ.

ಏರ್ ಬೈಕ್ ಎಂಬ ಹೆಸರಿನಲ್ಲಿ ಹತ್ತು ಸಾವಿರದ ಆಸುಪಾಸಿಗೆ ಮಾರುವ, ಕೈಗಳೂ ಹಿಂದೆಮುಂದೆ ಆಡುವ ಯಂತ್ರ ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಜಾತಿ. ನಿಜವಾದ ಗಾಳಿ ಸೈಕಲ್ಲಿನಲ್ಲಿ ದೊಡ್ಡ ಫ್ಯಾನೇ ತಡೆ. ಜೋರಾಗಿ ತುಳಿದಷ್ಟೂ ಗಾಳಿ ಗಟ್ಟಿಯಾಗುತ್ತದೆ. ಅಗ್ಗದವುಗಳಲ್ಲಿ ಹೆಚ್ಚಾಗಿ ತಡೆ ಬರುವುದು ಗಾಳಿಯಿಂದಲ್ಲ, ಚಕ್ರಕ್ಕೆ ಸುತ್ತಿದ ಪಟ್ಟಿಯ ಬಿಗಿತದಿಂದ. ಕೈಗೂ ಕೆಲಸ ಸಿಗುತ್ತದೆ ಎನ್ನುವುದು ನಿಜ. ಆದರೆ ಕೈಯ ಸಲಾಕೆ ಸೇರುವ ಗಂಟುಗಳು ನಾಲ್ಕು ತಿಂಗಳಲ್ಲಿ ಲಟಲಟ ಅನ್ನತೊಡಗುತ್ತವೆ. ಕೊಂಡವರು ತಿಂಗಳಿಗೊಮ್ಮೆ ಬೋಲ್ಟ್ ಬಿಗಿ ಮಾಡುವ ರೂಢಿ ಇಟ್ಟುಕೊಂಡರೆ ಬಾಳುತ್ತದೆ. ಸ್ಪಿನ್ ಬೈಕ್ ಗಟ್ಟಿಮುಟ್ಟಾದದ್ದು, ಬಗ್ಗಿ ಕೂತು ಹುರುಪಿನಿಂದ ತುಳಿಯುವ ಹರೆಯದವರಿಗೆ ಸರಿ. ಹಲವು ಸ್ಪಿನ್ ಬೈಕುಗಳಲ್ಲಿ ಪೆಡಲ್ ಮತ್ತು ಚಕ್ರ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಕಾಲು ನಿಲ್ಲಿಸಿದರೂ ಚಕ್ರದ ಓಟ ಪೆಡಲನ್ನು ತಿರುಗಿಸುತ್ತಲೇ ಇರುತ್ತದೆ. ಗಾಬರಿಯಾಗಿ ಕಾಲು ಕೆಳಗಿಟ್ಟರೆ ಮೀನಖಂಡಕ್ಕೆ ಪೆಡಲ್ ಬಡಿಯುತ್ತದೆ. ಗುಂಡಿ ಒತ್ತಿ ನಿಲ್ಲಿಸುವುದನ್ನು ಮೊದಲ ದಿನವೇ ಕಲಿಯಬೇಕು. ತೆರೆದ ಚಕ್ರವಿದ್ದರೆ, ಅಂಬೆಗಾಲಿಡುವ ಮಕ್ಕಳಿರುವ ಮನೆಗೆ ಅದನ್ನು ತರಲೇಬಾರದು. ಮಡಚಿ ಮೂಲೆಗಿಡುವ ಯಂತ್ರ ಹಗುರ, ಅಲ್ಲಾಡುತ್ತದೆ. ಕುರ್ಚಿಯ ಮೇಲೆ ಕೂತು ತುಳಿಯುವ ಬರೀ ಪೆಡಲಿನ ಪೆಟ್ಟಿಗೆ ಮಂಡಿಯ ಆಪರೇಷನ್ ಆದವರಿಗೆ ಮೊದಲ ದಿನಗಳಲ್ಲಿ ಉಪಯೋಗ, ಅಷ್ಟಕ್ಕೇ.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಮುಂದಿನ ಮಾತಿನ ಮೇಲೆ. ಜಾಹೀರಾತಿನಲ್ಲಿ ಯಂತ್ರದ ಮೇಲೆ ಕೂತವನು ಆರಡಿಯ ಹುಡುಗ, ಚಡ್ಡಿ ತೊಟ್ಟವನು. ನಮ್ಮ ಮನೆಗಳಲ್ಲಿ ನಿಜಕ್ಕೂ ಇದು ಬೇಕಾಗಿರುವುದು ಐವತ್ತು ದಾಟಿದ, ಸೀರೆ ಉಟ್ಟ, ಐದಡಿಯ ಹೆಂಗಸರಿಗೆ. ಗಂಡಸರಿಗೆ ಬೆಳಿಗ್ಗೆ ಎದ್ದು ಹೊರಗೆ ತಿರುಗಾಡಿ ಬರಲು ಯಾರ ಅಪ್ಪಣೆಯೂ ಬೇಡ. ಗಂಡಸರು ಭೀಷ್ಮ ಕೆರೆಯ ಕಡೆಗೋ ಊರಾಚೆಯ ರಸ್ತೆಗೋ ಹೋಗಿ ಬರುವಷ್ಟರಲ್ಲಿ ಹೆಂಗಸರು ನೀರು ಹಿಡಿದು, ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ ಮುಗಿಸಿರಬೇಕು. ಕತ್ತಲಾದ ಮೇಲೆ ಹೋಗೋಣವೆಂದರೆ ನಾಯಿಗಳ ಕಾಟ, ನಾಲ್ಕು ಜನರ ಕಣ್ಣು. ಮನೆಯೊಳಗಿನ ಸೈಕಲ್ ಅವರ ಪಾಲಿಗೆ ದೊಡ್ಡ ಅನುಕೂಲ, ಅದಕ್ಕೇ ಈ ಯಂತ್ರದ ಬಗ್ಗೆ ನನಗಿಷ್ಟು ಕಾಳಜಿ. ಆದರೆ ಹೆಚ್ಚಿನ ಯಂತ್ರಗಳನ್ನು ಅವರ ಮೈಗೆ ನೋಡಿ ಮಾಡಿಲ್ಲ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರ 152 ಸೆಂಟಿಮೀಟರಿನ ಆಸುಪಾಸು. ಸೀಟನ್ನು ಪೂರ್ತಿ ಇಳಿಸಿದರೂ ಅವರ ಕಾಲು ಪೆಡಲಿಗೆ ಎಟುಕದ ಯಂತ್ರಗಳನ್ನು ನಾನೇ ನೋಡಿದ್ದೇನೆ. ಎಟುಕಿಸಲು ಹೋಗಿ ಟೊಂಕ ಆಚೀಚೆ ಹೊರಳುತ್ತದೆ, ವಾರದೊಳಗೆ ಬೆನ್ನು ನೋವು.

ಸೀಟು ತೀರ ಕೆಳಗಿದ್ದರೂ ಕೆಡುಕು. ಮಂಡಿ ಹೆಚ್ಚು ಮಡಚಿದಷ್ಟೂ ಮಂಡಿಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ಎಷ್ಟೋ ಮಂದಿ “ಸೈಕಲ್ ತುಳದು ಮೊಣಕಾಲ ಹಾಳಾತು” ಅನ್ನುವುದು ಸೈಕಲ್ಲಿನಿಂದಲ್ಲ, ಸೀಟಿನಿಂದ. ಮಂಡಿಯೊಳಗೆ ಅಳೆಯುವ ಸಾಧನ ಕೂಡಿಸಿದ ಕೃತಕ ಕೀಲುಗಳಿಂದ ತಿಳಿದು ಬಂದಿರುವ ಪ್ರಕಾರ ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಭಾರ ದೇಹತೂಕದ ಸುಮಾರು ಎರಡೂವರೆ ಪಟ್ಟು. ಹದವಾಗಿ ಸೈಕಲ್ ತುಳಿಯುವಾಗ ಒಂದು ಪಟ್ಟಿಗಿಂತ ತುಸು ಹೆಚ್ಚು. ಮಂಡಿ ಸವೆದವರಿಗೆ ಇದು ದೊಡ್ಡ ಉಪಕಾರ. ಸೀಟು ತಪ್ಪಿದರೆ ಆ ಉಪಕಾರ ಹಾಳಾಗುತ್ತದೆ.

ಸೀಟಿನ ಅಳತೆ ಸುಲಭ. ಯಂತ್ರದ ಮೇಲೆ ಕೂತು, ಪೆಡಲನ್ನು ತೀರ ಕೆಳಗೆ ತಂದು, ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ; 25ರಿಂದ 35 ಡಿಗ್ರಿ ಎಂದು ಬಲ್ಲವರು ಹೇಳುವ ಬಾಗು ಅದೇ. ಕೊಳ್ಳುವ ಮೊದಲು ಅಳೆಯಬೇಕೆಂದರೆ ಟೇಪು ಬೇಕು. ಗೋಡೆಗೆ ಬೆನ್ನು ಕೊಟ್ಟು ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದಾಗ 70 ಸೆಂಟಿಮೀಟರ್ ಬಂದರೆ, ಸೀಟಿನ ಮೇಲ್ಭಾಗದಿಂದ ತೀರ ಕೆಳಗಿನ ಪೆಡಲಿನವರೆಗೆ 76ರಷ್ಟಿರಬೇಕು. ಯಂತ್ರದ ಸೀಟು ಅಷ್ಟು ಇಳಿಯದಿದ್ದರೆ ಅದು ಎಷ್ಟೇ ಹೆಸರುವಾಸಿ ಕಂಪನಿಯದ್ದಾಗಿರಲಿ, ಆ ಹೆಣ್ಣುಮಗಳಿಗೆ ಅಲ್ಲ.

ಹತ್ತುವುದೂ ಒಂದು ಪ್ರಶ್ನೆ. ನಡುವಿನ ದಾಂಡು ಎತ್ತರವಿದ್ದರೆ ಸೀರೆ ಉಟ್ಟವರು ಕಾಲು ದಾಟಿಸುವುದು ಹೇಗೆ? ಶಿರಹಟ್ಟಿಯ ಒಂದು ಮನೆಯಲ್ಲಿ ಅತ್ತೆಯವರು “ಯವ್ವಾ, ಇದರ ಮ್ಯಾಲ ಹತ್ತೂದ ಹ್ಯಾಂಗ?” ಎಂದು ಕೇಳಿ ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಚಿಕ್ಕ ಮಣೆ ಇಟ್ಟುಕೊಟ್ಟಿದ್ದರೆ ಹತ್ತುತ್ತಿದ್ದರೇನೋ, ಇಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೆಲ್ಟು ಮತ್ತು ಚಕ್ರದ ಸುತ್ತ ಪೂರ್ತಿ ಮುಚ್ಚಿದ ಕವಚ ಇರಲೇಬೇಕು. ನೆರಿಗೆ, ಸೆರಗು ಸಿಕ್ಕಿಕೊಂಡರೆ ಕೆಳಗೆ ಬೀಳುವುದು ಖಂಡಿತ. ಬೆನ್ನಿಗೆ ಒರಗು ಇದ್ದು, ಕಾಲು ಮುಂದೆ ಚಾಚಿ ತುಳಿಯುವ ಯಂತ್ರವೊಂದಿದೆ. ದಾಂಡು ದಾಟುವ ಕೆಲಸವಿಲ್ಲ, ಕುರ್ಚಿಯಲ್ಲಿ ಕೂತ ಹಾಗೆ ಕೂತು ತುಳಿಯಬಹುದು. ಬೆಲೆ ಹೆಚ್ಚು, ಜಾಗ ಐದಡಿ ನುಂಗುತ್ತದೆ. ಆದರೂ ಅರವತ್ತು ದಾಟಿದವರಿಗೆ, ಮಂಡಿ ಮತ್ತು ಸೊಂಟ ಎರಡೂ ನೋಯುವವರಿಗೆ ನಾನು ಹೇಳುವುದು ಅದನ್ನೇ. ಸಾಲ ಮಾಡಬೇಡಿ, ಹಳೆಯದು ಸಿಗುವವರೆಗೆ ಕಾಯಿರಿ.

ಬೆಟಗೇರಿಯ, ಶಿಗ್ಲಿಯ ನೇಕಾರರದು ಬೇರೆಯೇ ಲೆಕ್ಕ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿಯುವವರಿಗೆ ಮತ್ತೆ ತುಳಿಯುವ ಯಂತ್ರವೇಕೆ ಎಂದು ಯಾರಾದರೂ ಕೇಳಬಹುದು. ಮಗ್ಗದ ತುಳಿತದಲ್ಲಿ ಏದುಸಿರು ಬರುವುದಿಲ್ಲ. ಹೃದಯಕ್ಕೆ ಅದು ಕೂತ ಕೆಲಸವೇ. ದಣಿಯುವುದು ಬೆನ್ನು, ಕುತ್ತಿಗೆ, ಕಣ್ಣು. ಅಂಥವರು ಬಗ್ಗಿ ಕೂರುವ ಸ್ಪಿನ್ ಬೈಕ್ ತಂದರೆ ಬೆನ್ನಿನ ಮೇಲೆ ಇನ್ನೊಂದು ಹೊರೆ. ಹಿಡಿಕೆ ಎದೆಯ ಮಟ್ಟಕ್ಕಿದ್ದು ಬೆನ್ನು ನೆಟ್ಟಗಿರುವಂಥದ್ದು ಬೇಕು, ಅದಕ್ಕಿಂತ ಮೊದಲು ಎದ್ದು ನಡೆದಾಡುವ ಹೊತ್ತು ಬೇಕು. ಸೈಕಲ್ ತುಳಿತ ಎಲುಬಿಗೆ ಬಲ ಕೊಡುವುದಿಲ್ಲ. ಮೈಭಾರ ಹೊತ್ತು ನಡೆಯುವುದರಿಂದ ಸಿಗುವ ಲಾಭ ಬೇರೆ.

ಮುಂಡರಗಿ ಕಡೆಯವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಆ ಭಾಗದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ಗೊತ್ತಿರುವ ಕಷ್ಟ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬರಬರುತ್ತ ಬೆನ್ನು, ಮಂಡಿ ಬಿರುಸಾಗುತ್ತವೆ. ಪೆಡಲನ್ನು ಪೂರ್ತಿ ಒಂದು ಸುತ್ತು ತಿರುಗಿಸಲು ಮಂಡಿ ಸುಮಾರು 110 ಡಿಗ್ರಿ ಮಡಚಬೇಕು. ಅಷ್ಟು ಮಡಚಲಾಗದ ಮಂಡಿಯನ್ನು ಯಂತ್ರಕ್ಕೆ ಕಟ್ಟಿ ತಿರುಗಿಸುವುದು ಕ್ರೌರ್ಯ. ಮಂಡಿ ನೋವೆಲ್ಲ ಕೂತು ತಿಂದದ್ದರಿಂದಲೇ ಬಂದದ್ದೆಂದು ಮನೆಮಂದಿ ತೀರ್ಮಾನಿಸಬಾರದು. ಮೊದಲು ಡಾಕ್ಟರಿಗೆ ತೋರಿಸಬೇಕು, ಯಂತ್ರದ ಮಾತು ಆಮೇಲೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಿನಲ್ಲಿ ತುಳಿಯಲೇಬಾರದು. ಪೆಡಲಿನ ಹಲ್ಲು ಚುಚ್ಚಿ ಗಾಯವಾದರೂ ಗೊತ್ತಾಗುವುದಿಲ್ಲ, ಗಾಯ ಹುಣ್ಣಾಗುತ್ತದೆ. ಮನೆಯೊಳಗೆ ಚಪ್ಪಲಿ ಹಾಕದ ನಮ್ಮ ರೂಢಿ ಒಳ್ಳೆಯದೇ. ಆದರೆ ಯಂತ್ರಕ್ಕೆಂದೇ ತೊಳೆದಿಟ್ಟ ಒಂದು ಜೊತೆ ಬೂಟು ಪಕ್ಕದಲ್ಲಿರಲಿ. ತುಳಿಯುವಾಗ ಎದೆ ಹಿಡಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಎಲ್ಲಿ ಇಡಬೇಕು ಎನ್ನುವುದನ್ನೂ ಕೊಳ್ಳುವ ಮೊದಲೇ ಗೊತ್ತು ಮಾಡಬೇಕು. ಕಪ್ಪತಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುವಷ್ಟು ಗಾಳಿ ನಮ್ಮ ಸೀಮೆಯಲ್ಲಿದೆ, ಮನೆಯೊಳಗೆ ಮಾತ್ರ ಇಲ್ಲ. ರಸ್ತೆಯ ಮೇಲೆ ಸೈಕಲ್ ಓಡಿಸುವವರಿಗೆ ಎದುರುಗಾಳಿ ಬೆವರು ಆರಿಸುತ್ತದೆ. ನಿಂತ ಸೈಕಲ್ಲಿಗೆ ಆ ಗಾಳಿಯಿಲ್ಲ, ಹದಿನೈದು ನಿಮಿಷಕ್ಕೆ ಮೈಯೆಲ್ಲ ನೀರು. ಏಪ್ರಿಲ್ ಮೇ ತಿಂಗಳಲ್ಲಿ ಹೊತ್ತೇರಿದ ಮೇಲೆ ತುಳಿಯುವುದು ಬೇಡವೇ ಬೇಡ. ಕಿಟಕಿಯ ಪಕ್ಕ, ಎದುರಿಗೆ ಫ್ಯಾನ್ ಇರುವ ಜಾಗ ಬೇಕು. ಹಳೆಯ ಮನೆಗಳ ಮಾಳಿಗೆಯ ಮೇಲೆ, ಕಟ್ಟಿಗೆಯ ತೊಲೆಯ ಮೇಲೆ ಇಟ್ಟರೆ ಇಡೀ ಮನೆಯೇ ನಡುಗುತ್ತದೆ. ಬೆವರಿನ ಉಪ್ಪು ಬೋಲ್ಟುಗಳನ್ನು ತಿನ್ನುತ್ತದೆ, ತುಳಿದ ಮೇಲೆ ಒಣಬಟ್ಟೆಯಿಂದ ಒರೆಸಬೇಕು.

ಯಂತ್ರವೇ ಬೇಕೆಂದೇನೂ ಇಲ್ಲ. ವಿಜಯಪುರ, ಬಾಗಲಕೋಟೆಯ ಹಾಗೆ ಗದಗ ಜಿಲ್ಲೆಯೂ ಸೈಕಲ್ ಪಟುಗಳನ್ನು ಬೆಳೆಸಿದ ನೆಲ. ಬೆಳಗಿನ ಜಾವ ಡಂಬಳದ ದಾರಿ ಹಿಡಿದು ಸೈಕಲ್ ಹೊಡೆಯುವ ಹುಡುಗರಿಗೆ ಈ ಯಂತ್ರದಿಂದ ಸಿಗುವುದು ಏನೂ ಇಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳು ಹಳ್ಳಿಗಳ ಎಷ್ಟೋ ಮನೆಗಳ ಮೂಲೆಯಲ್ಲಿ ಇನ್ನೂ ಇವೆ. ಹಿಂದಿನ ಗಾಲಿಯನ್ನು ರೋಲರಿನ ಮೇಲೆ ಕೂಡ್ರಿಸುವ, ಅಯಸ್ಕಾಂತದ ತಡೆಯಿರುವ ಸ್ಟ್ಯಾಂಡ್ ಸಿಗುತ್ತದೆ. ಹೊಸ ಯಂತ್ರದ ಅರ್ಧ ಬೆಲೆಗೂ ಕಡಿಮೆ. ಆ ಸೈಕಲ್ಲಿಗೆ ಚೈನು ಹಾಕಿ, ಎಣ್ಣೆ ಬಿಟ್ಟು, ಗಾಲಿಯ ಸೊಟ್ಟ ತೆಗೆಸಿ ಸ್ಟ್ಯಾಂಡಿಗೇರಿಸಿದರೆ ಮನೆಯೊಳಗೆ ತುಳಿಯಬಹುದು. ಟೈರು ಬೇಗ ಸವೆಯುತ್ತದೆ, ಸದ್ದು ತುಸು ಹೆಚ್ಚು. ಆದರೆ ಅದರ ಒಂದೊಂದು ಭಾಗವೂ ಊರಿನ ಅಂಗಡಿಯಲ್ಲಿ ಸಿಗುತ್ತದೆ. ಹಣ ಕಡಿಮೆ ಇದ್ದವರಿಗೆ ಅಗ್ಗದ ಹೊಸ ಯಂತ್ರಕ್ಕಿಂತ ಇದನ್ನೇ ನಾನು ಮೇಲೆಂದು ಹೇಳುತ್ತೇನೆ.

ಯಂತ್ರವೇ ಕೊಳ್ಳುವುದಾದರೆ ಬಳಸಿದ್ದನ್ನು ನೋಡಿ. ಹೊಸ ವರ್ಷದ ಸಂಕಲ್ಪಕ್ಕೆ ಕೊಂಡು ಯುಗಾದಿಯೊಳಗೆ ಬಿಟ್ಟವರು ಗದಗಿನಲ್ಲೂ ಇದ್ದಾರೆ, ಹುಬ್ಬಳ್ಳಿಯಲ್ಲಿ ಹೆಚ್ಚು. ಅರ್ಧ ಬೆಲೆಗೆ ಸಿಗುತ್ತದೆ. ಹೋಗುವಾಗ ಸೈಕಲ್ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರ ದಿನದ ಕೂಲಿ ಕೊಡಿ. ಅವರು ಕ್ರ್ಯಾಂಕ್ ಹಿಡಿದು ಆಚೀಚೆ ಅಲ್ಲಾಡಿಸಿ ನೋಡುತ್ತಾರೆ, ಚಕ್ರ ತಿರುಗಿಸಿ ಕಿವಿಗೊಟ್ಟು ಬೇರಿಂಗಿನ ಸದ್ದು ಕೇಳುತ್ತಾರೆ. ಪೆಡಲ್ 9/16 ಇಂಚಿನದೋ ಅರ್ಧ ಇಂಚಿನದೋ, ಬೇರಿಂಗಿನ ನಂಬರು ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಸಿಗುವ 6203ರಂಥದ್ದೋ, ಅವರಿಗೆ ಕಂಡ ಕೂಡಲೇ ತಿಳಿಯುತ್ತದೆ. ಅವರು “ಇದು ನಮ್ಮ ಕೈಯಾಗ ಆಗತೈತ್ರಿ” ಅಂದರೆ ಕೊಳ್ಳಿ.

ಲಕ್ಷ್ಮೇಶ್ವರದ ನನ್ನ ಅಕ್ಕನಿಗೆ ಹೀಗೆಯೇ ಒಂದು ಹಳೆಯ ಯಂತ್ರ ತಂದೆವು. ಅಯಸ್ಕಾಂತದ್ದು, ನೆಟ್ಟಗೆ ಕೂರುವಂಥದ್ದು, ಸೀಟು ಐದಡಿಯವರಿಗೆ ಇಳಿಯುವಂಥದ್ದು. ಅವಳನ್ನು ಕೂಡ್ರಿಸಿ, ಹಿಮ್ಮಡಿ ಪೆಡಲಿನ ಮೇಲಿಡಿಸಿ ಅಳತೆ ನೋಡಿದೆ. ಸೀಟಿನ ಕಂಬದ ಎರಡನೆಯ ತೂತು ಅವಳದು. ಭಾವನಿಗೆ ಐದನೆಯದು, ಮಗನಿಗೆ ಏಳನೆಯದು. ಪ್ರತಿ ಸಲ ಎಣಿಸುವ ಕಷ್ಟ ಬೇಡವೆಂದು ಉಗುರುಬಣ್ಣದಿಂದ ಮೂರೂ ತೂತುಗಳ ಸುತ್ತ ಗುರುತು ಹಾಕಿ ಬಂದೆ: ಕೆಂಪು, ಬಿಳಿ, ನೀಲಿ. ಅದು ಯುಗಾದಿಯ ಹೊತ್ತು. ದಸರೆಗೆ ಹೋದಾಗ ಮೊದಲು ಸೀಟಿನ ಕಂಬವನ್ನೇ ನೋಡಿದೆ. ಎರಡನೆಯ ತೂತಿನ ಕೆಂಪು ಬಣ್ಣ ಪಿನ್ನಿನ ಉಜ್ಜಾಟಕ್ಕೆ ಸಿಕ್ಕಿ ಅರ್ಧ ಅಳಿಸಿತ್ತು. ಬಿಳಿಯದೂ ನೀಲಿಯದೂ ಹಾಕಿದ ದಿನ ಇದ್ದ ಹಾಗೆಯೇ ಇದ್ದವು.